ಟೈಟನ್ನರ ಹೈಸ್ಕೂಲು

ಶಾಲೆಯೊಂದಕ್ಕೆ ಹಿರಿಯರೊಬ್ಬರ ಹೆಸರನ್ನಿಡುವಾಗ, ಅವರಂತೆ ನಮ್ಮ ಮಕ್ಕಳೂ ಆಗಲಿ ಎಂಬ ಹಾರೈಕೆ ಊರವರ ಮನಸ್ಸಿನಲ್ಲಿರುವುದು ಸಹಜ. ಆದರೆ ತನ್ನ ಹೆಬ್ಬಾಗಿಲಿನ ಮೇಲೆ ಯಾರ ಹೆಸರಿತ್ತೋ ಆ ವ್ಯಕ್ತಿ ಯಾವುದನ್ನು ನಡೆಯಗೊಡಬಾರದೆಂದು ಹಟ ಹಿಡಿದಿದ್ದರೋ, ಅದನ್ನೇ ನಡೆಸಿ ತೋರಿಸಿ ಲೋಕಪ್ರಸಿದ್ಧವಾದ ಹೈಸ್ಕೂಲೊಂದಿದೆ. ಅದು ಅಮೆರಿಕದ ವರ್ಜೀನಿಯ ರಾಜ್ಯದ ಅಲೆಗ್ಸಾಂಡ್ರಿಯದಲ್ಲಿದೆ. 1965ರಿಂದ 2021ರವರೆಗೆ ಅದರ ಹೆಸರು ಟಿ. ಸಿ. ವಿಲಿಯಮ್ಸ್ ಹೈಸ್ಕೂಲು. ಈಗ ಅದು ಅಲೆಗ್ಸಾಂಡ್ರಿಯ ಸಿಟಿ ಹೈಸ್ಕೂಲು. ಅದರ ಆಟಗಾರರನ್ನು ಮಾತ್ರ ಅಂದಿನಂತೆ ಇಂದಿಗೂ ‘ಟೈಟನ್ನರು’ ಎಂದೇ ಕರೆಯುತ್ತಾರೆ. ಗ್ರೀಕ್ ಪುರಾಣಗಳಲ್ಲಿ ಬರುವ ದೈತ್ಯರ ಹೆಸರದು.

ಅಲೆಗ್ಸಾಂಡ್ರಿಯ ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿಗೆ ಮಗ್ಗುಲಿನ ಊರು. ನಡುವೆ ಪೊಟೋಮ್ಯಾಕ್ ನದಿ ಹರಿಯುತ್ತದೆ. ರಾಜಧಾನಿಯ ಕಚೇರಿಗಳಲ್ಲಿ ದುಡಿಯುವ ಸಾವಿರಾರು ಮಂದಿ ಸಂಜೆ ಮನೆಗೆ ಹಿಂದಿರುಗುವ ಉಪನಗರವಿದು. ಆದರೆ ಊರಿಗೆ ತನ್ನದೇ ಆದ ಹಳೆಯ ಚರಿತ್ರೆಯೂ ಉಂಟು. ಜಾರ್ಜ್ ವಾಷಿಂಗ್ಟನ್ನರು ಸಂತೆ ವ್ಯಾಪಾರಕ್ಕೂ ಪ್ರಾರ್ಥನೆಗೂ ಬರುತ್ತಿದ್ದ ಊರು ಇದೇ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಗುಲಾಮರನ್ನು ಕೊಂಡು ದಕ್ಷಿಣದ ಹತ್ತಿಯ ಹೊಲಗಳಿಗೆ ಸಾಗಿಸುತ್ತಿದ್ದ ಬಹು ದೊಡ್ಡ ವ್ಯಾಪಾರದ ಕೋಠಿಯೊಂದಿದ್ದುದೂ ಇದೇ ಊರಿನ ಡ್ಯೂಕ್ ಬೀದಿಯಲ್ಲಿ. ಹೀಗೆ ಸ್ವಾತಂತ್ರ್ಯವೂ ದಾಸ್ಯವೂ ಅಕ್ಕಪಕ್ಕದ ಬೀದಿಗಳಲ್ಲಿ ವಾಸಿಸಿದ ಊರಿನಲ್ಲಿ ಹುಟ್ಟಿದ ಶಾಲೆಯ ಕಥೆ ಕೇವಲ ಆಟೋಟಗಳ ಕಥೆಯಾಗಿ ಉಳಿಯಲಾರದು.

ನದಿ ದಾಟಿ ಓದಿದವರು

ಗುಲಾಮಗಿರಿ ಹೋದರೂ ಬೇರ್ಪಡೆ ಹೋಗಲಿಲ್ಲ. ವರ್ಜೀನಿಯದ ಕಾನೂನಿನಂತೆ ಬಿಳಿಯ ಮಕ್ಕಳಿಗೊಂದು ಶಾಲೆ, ಕರಿಯ ಮಕ್ಕಳಿಗೊಂದು ಶಾಲೆ. 1920ರಲ್ಲಿ ಅಲೆಗ್ಸಾಂಡ್ರಿಯದ ಕರಿಯ ಮಕ್ಕಳಿಗಾಗಿ ಪಾರ್ಕರ್–ಗ್ರೇ ಎಂಬ ಶಾಲೆ ತೆರೆಯಿತು. ಜಾನ್ ಪಾರ್ಕರ್ ಮತ್ತು ಸಾರಾ ಗ್ರೇ ಎಂಬ ಇಬ್ಬರು ಮುಖ್ಯೋಪಾಧ್ಯಾಯರ ನೆನಪಿಗೆ ಇಟ್ಟ ಹೆಸರದು. ಆದರೆ ಮೊದಲಿಗೆ ಅಲ್ಲಿ ಹೈಸ್ಕೂಲಿನ ತರಗತಿಗಳಿರಲಿಲ್ಲ. ಮುಂದೆ ಓದುವ ಆಸೆಯಿದ್ದ ಕರಿಯ ಬಾಲಕ ಪ್ರತಿದಿನವೂ ನದಿ ದಾಟಿ ವಾಷಿಂಗ್ಟನ್ನಿಗೆ ಹೋಗಬೇಕು. ಇಲ್ಲವೇ ಓದಿಗೆ ಶರಣು ಹೊಡೆದು ಕೂಲಿಗೆ ಹೋಗಬೇಕು.

ಹಾಗೆ ನದಿ ದಾಟಿದ ಬಾಲಕರಲ್ಲಿ ಒಬ್ಬರು ಸ್ಯಾಮ್ಯುಯೆಲ್ ಟಕರ್. 1913ರಲ್ಲಿ ಅಲೆಗ್ಸಾಂಡ್ರಿಯದಲ್ಲಿ ಹುಟ್ಟಿದ ಅವರು ವಾಷಿಂಗ್ಟನ್ನಿನ ಹೈಸ್ಕೂಲಿನಲ್ಲೂ ಹೊವರ್ಡ್ ವಿಶ್ವವಿದ್ಯಾಲಯದಲ್ಲೂ ಓದಿದರು. ಕಾನೂನು ಕಾಲೇಜಿನ ಮೆಟ್ಟಿಲು ಹತ್ತದೆ, ತಾವಾಗಿ ಓದಿ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. 1939ರ ಆಗಸ್ಟ್ 21ರಂದು ಅವರ ಏರ್ಪಾಡಿನಂತೆ ಐವರು ಕರಿಯ ತರುಣರು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಒಬ್ಬೊಬ್ಬರಾಗಿ ಹೋಗಿ ಸದಸ್ಯತ್ವ ಕೇಳಿದರು. ಇಲ್ಲವೆನ್ನಲು, ಕಪಾಟಿನಿಂದ ಒಂದೊಂದು ಪುಸ್ತಕ ತೆಗೆದು ಒಂದೊಂದು ಮೇಜಿನಲ್ಲಿ ಕುಳಿತು ಸದ್ದಿಲ್ಲದೆ ಓದತೊಡಗಿದರು. ಪೊಲೀಸರು ಬಂದು ಹಿಡಿದೊಯ್ದರು. ಗ್ರಂಥಾಲಯದಲ್ಲಿ ಪುಸ್ತಕ ಓದಿದ್ದೇ ಅಪರಾಧವಾದ ವಿಚಿತ್ರ ಪ್ರಸಂಗವದು! ನಗರದವರು ಮರುವರ್ಷ ಕರಿಯರಿಗಾಗಿ ಪ್ರತ್ಯೇಕವಾದೊಂದು ಪುಟ್ಟ ಗ್ರಂಥಾಲಯ ಕಟ್ಟಿಸಿಕೊಟ್ಟು ಕೈತೊಳೆದುಕೊಂಡರು. ಟಕರ್ ಅಲ್ಲಿ ಸದಸ್ಯರಾಗಲು ಒಪ್ಪಲಿಲ್ಲ. ಈ ವಕೀಲರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ.

ಮೂವತ್ತರ ದಶಕದಲ್ಲಿ ಪಾರ್ಕರ್–ಗ್ರೇ ಹೈಸ್ಕೂಲಾಗಿ ಬೆಳೆಯಿತು. ಅಲ್ಲಿ ಓದಿ 1946ರಲ್ಲಿ ಹೊರಬಿದ್ದ ಅರ್ಲ್ ಲಾಯ್ಡ್ ಎಂಬ ನೀಳಕಾಯದ ತರುಣ, ಊರಿಗೆ ಮೊದಲ ಬಾರಿಗೆ ಕ್ರೀಡಾಕೀರ್ತಿಯ ರುಚಿ ತೋರಿಸಿದ. 1950ರ ಅಕ್ಟೋಬರ್ 31ರಂದು ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಪರವಾಗಿ ಅಂಗಳಕ್ಕಿಳಿದ ಆತ, ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಸಂಸ್ಥೆಯ ಪಂದ್ಯದಲ್ಲಿ ಆಡಿದ ಮೊತ್ತಮೊದಲ ಕರಿಯ ಆಟಗಾರನೆನಿಸಿದ. 1955ರಲ್ಲಿ ಸಿರಾಕ್ಯೂಸ್ ತಂಡದೊಡನೆ ರಾಷ್ಟ್ರದ ಚಾಂಪಿಯನ್ ಪದವಿಯನ್ನೂ ಪಡೆದ. ದೇಶದ ಅಂಗಳ ಆತನಿಗೆ ತೆರೆಯಿತು. ಆದರೆ ಆತನ ಊರಿನಲ್ಲಿ ಬಿಳಿಯರ ಹೈಸ್ಕೂಲಿನ ಅಂಗಳ ಆತನ ತಮ್ಮಂದಿರಿಗೆ ಇನ್ನೂ ಮುಚ್ಚಿಯೇ ಇತ್ತು.

ಮೂವತ್ತು ವರ್ಷದ ಸೂಪರಿಂಟೆಂಡೆಂಟರು

ಅದನ್ನು ಮುಚ್ಚಿಟ್ಟವರಲ್ಲಿ ಮುಖ್ಯರು ಥಾಮಸ್ ಚೇಂಬ್ಲಿಸ್ ವಿಲಿಯಮ್ಸ್. 1933ರಿಂದ 1963ರವರೆಗೆ, ಒಂದಲ್ಲ ಎರಡಲ್ಲ, ಮೂವತ್ತು ವರ್ಷ ಅವರು ಅಲೆಗ್ಸಾಂಡ್ರಿಯದ ಶಾಲೆಗಳ ಸೂಪರಿಂಟೆಂಡೆಂಟರಾಗಿದ್ದರು. ಅಮೆರಿಕದಲ್ಲಿ ಸರ್ಕಾರಿ ಶಾಲೆಗಳೆಲ್ಲ ಆಯಾ ಊರಿನ ಶಾಲಾಮಂಡಲಿಯ ಅಧೀನ. ಮಂಡಲಿಯ ಅಧಿಕಾರಿಯೇ ಈ ಸೂಪರಿಂಟೆಂಡೆಂಟ್. ಊರು ಬೆಳೆದಂತೆ ಶಾಲೆಗಳನ್ನು ಕಟ್ಟಿಸಿದ ದಕ್ಷ ಆಡಳಿತಗಾರರೆಂದು ಬಿಳಿಯ ನಾಗರಿಕರಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ಆದರೆ ಕರಿಯ ಮಕ್ಕಳೂ ಬಿಳಿಯ ಮಕ್ಕಳೂ ಒಂದೇ ಕೊಠಡಿಯಲ್ಲಿ ಕೂರಕೂಡದೆಂಬುದು ಅವರ ದೃಢವಾದ ನಿಲುವು. ಅದನ್ನು ಅವರು ಬಚ್ಚಿಡಲೂ ಇಲ್ಲ.

1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟು ಏಕಕಂಠದಿಂದ ತೀರ್ಪಿತ್ತಿತು: ಶಾಲೆಗಳಲ್ಲಿ ಬಣ್ಣದ ಬೇರ್ಪಡೆ ಸಂವಿಧಾನಕ್ಕೆ ವಿರುದ್ಧ. ವರ್ಜೀನಿಯದ ರಾಜಕಾರಣಿಗಳು ಇದಕ್ಕೆ ಕೊಟ್ಟ ಉತ್ತರ ‘ಮಹಾಪ್ರತಿರೋಧ’. ಬೆರೆಸುವ ಬದಲು ಶಾಲೆಗಳನ್ನೇ ಮುಚ್ಚಿಬಿಡುವ ಕಾನೂನು ಮಾಡಿದರು. 1958ರಲ್ಲಿ ನಾರ್ಫೋಕ್, ಶಾರ್ಲಟ್ಸ್‌ವಿಲ್ ಮೊದಲಾದೆಡೆ ಬಿಳಿಯ ಮಕ್ಕಳ ಶಾಲೆಗಳಿಗೇ ಬೀಗ ಬಿತ್ತು. ಪ್ರಿನ್ಸ್ ಎಡ್ವರ್ಡ್ ಎಂಬ ಜಿಲ್ಲೆಯಲ್ಲಂತೂ 1959ರಿಂದ 1964ರವರೆಗೆ ಸರ್ಕಾರಿ ಶಾಲೆಯೆಂಬುದೇ ಇರಲಿಲ್ಲ. ಮಕ್ಕಳ ಓದನ್ನು ಹಾಳುಗೆಡವಿಯಾದರೂ ಹಳೆಯ ಗೋಡೆಯನ್ನುಳಿಸಿಕೊಳ್ಳಬೇಕೆಂಬ ಹಟ ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಲೆಗ್ಸಾಂಡ್ರಿಯದಲ್ಲಿ ಕೆಲವು ಕರಿಯ ತಾಯಿತಂದೆಯರು ತಮ್ಮ ಮಕ್ಕಳ ಪರವಾಗಿ ನ್ಯಾಯಾಲಯಕ್ಕೆ ಹೋದರು. ಅವರಲ್ಲೊಬ್ಬಾಕೆ ಶಾಲೆಯೊಂದರಲ್ಲಿ ಅಡಿಗೆಯ ಕೆಲಸ ಮಾಡುತ್ತಿದ್ದವಳು. ದಾವೆಯಲ್ಲಿ ಆಕೆಯ ಹೆಸರು ಕಂಡೊಡನೆ ಸೂಪರಿಂಟೆಂಡೆಂಟರು ಆಕೆಯನ್ನು ಕೆಲಸದಿಂದ ತೆಗೆದುಹಾಕಿದರು. ಊರಿನಲ್ಲಿ ಗದ್ದಲವೆದ್ದ ಮೇಲೆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಕೊನೆಗೂ ನ್ಯಾಯಾಲಯದ ಅಪ್ಪಣೆಯಂತೆ 1959ರ ಫೆಬ್ರವರಿ 10ರಂದು ಒಂಬತ್ತು ಮಂದಿ ಕರಿಯ ಮಕ್ಕಳು ಮೂರು ಬಿಳಿಯ ಶಾಲೆಗಳ ಬಾಗಿಲು ದಾಟಿದರು. ಇಡೀ ಊರಿನಲ್ಲಿ ಒಂಬತ್ತೇ ಮಂದಿ!

1965ರಲ್ಲಿ ಕಿಂಗ್ ಬೀದಿಯಲ್ಲಿ ಊರಿನ ಹೊಸ ಹೈಸ್ಕೂಲು ತೆರೆಯಿತು. ನಿವೃತ್ತರಾಗಿದ್ದ ಸೂಪರಿಂಟೆಂಡೆಂಟರ ಗೌರವಾರ್ಥವಾಗಿ ಅದಕ್ಕೆ ‘ಟಿ. ಸಿ. ವಿಲಿಯಮ್ಸ್’ ಎಂದು ಹೆಸರಿಟ್ಟರು. ಅದೇ ವರ್ಷ ಪಾರ್ಕರ್–ಗ್ರೇ ಹೈಸ್ಕೂಲಾಗಿ ಉಳಿಯಲಿಲ್ಲ. ಅಲ್ಲಿಯ ಮಕ್ಕಳು ಊರಿನ ಬೇರೆ ಬೇರೆ ಹೈಸ್ಕೂಲುಗಳಿಗೆ ಹಂಚಿಹೋದರು. ಹೀಗೆ ಹೊಸ ಶಾಲೆಗೆ ಮೊದಲ ವರ್ಷದಿಂದಲೇ ಕರಿಯ ಮಕ್ಕಳು ಬಂದರು. ತಲೆಯ ಮೇಲಿನ ಹೆಸರಿಗೂ ಅಡಿಯಲ್ಲಿ ನಡೆಯುವ ಮಕ್ಕಳಿಗೂ ಅಂದಿನಿಂದಲೇ ತಾಳವಿರಲಿಲ್ಲ.

ಮೂರು ಶಾಲೆ, ಒಂದು ತಂಡ

ಆಗ ಅಲೆಗ್ಸಾಂಡ್ರಿಯದಲ್ಲಿ ಮೂರು ಹೈಸ್ಕೂಲುಗಳಿದ್ದವು. 1935ರಲ್ಲಿ ತೆರೆದ ಜಾರ್ಜ್ ವಾಷಿಂಗ್ಟನ್ ಹೈಸ್ಕೂಲು ಹಳೆಯದು. ಕೊರಿಯಾ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತ ಪ್ರಾಣ ತೆತ್ತು ಅತ್ಯುನ್ನತ ಶೌರ್ಯಪದಕ ಪಡೆದ ಊರ ತರುಣ ಫ್ರಾನ್ಸಿಸ್ ಹ್ಯಾಮಂಡನ ಹೆಸರಿನದು ಎರಡನೆಯದು. ಮೂರನೆಯದೇ ವಿಲಿಯಮ್ಸ್. ಕಾನೂನು ಬೇರ್ಪಡೆಯನ್ನು ಅಳಿಸಿದ್ದರೂ ಬಡಾವಣೆಗಳು ಅದನ್ನು ಉಳಿಸಿಕೊಂಡಿದ್ದವು. ಯಾವ ಬಡಾವಣೆಯಲ್ಲಿ ಯಾರ ಮನೆಗಳಿವೆಯೋ ಆ ಶಾಲೆಯಲ್ಲಿ ಅವರ ಮಕ್ಕಳೇ ಹೆಚ್ಚು. ಹ್ಯಾಮಂಡ್ ಶಾಲೆಯಂತೂ ಬಹುಮಟ್ಟಿಗೆ ಬಿಳಿಯರದೇ.

ಇಲ್ಲಿ ವಕೀಲ ಟಕರ್ ಮತ್ತೆ ಬರುತ್ತಾರೆ. ವರ್ಜೀನಿಯದ ನ್ಯೂ ಕೆಂಟ್ ಜಿಲ್ಲೆಯ ಶಾಲೆಗಳ ಮೊಕದ್ದಮೆಯನ್ನು ಅವರು ಸುಪ್ರೀಂ ಕೋರ್ಟಿನವರೆಗೆ ನಡೆಸಿದರು. 1968ರ ಮೇ ತಿಂಗಳಲ್ಲಿ ತೀರ್ಪು ಬಂತು: ‘ಇಷ್ಟವಿದ್ದವರು ಬೇಕಾದ ಶಾಲೆ ಸೇರಲಿ’ ಎಂದು ಶಾಲಾಮಂಡಲಿಗಳು ಕೈಕಟ್ಟಿ ಕುಳಿತರೆ ಸಾಲದು; ಬೇರ್ಪಡೆಯನ್ನು ಬೇರುಸಹಿತ ಕೀಳುವ, ಕೂಡಲೇ ಫಲಕೊಡುವ ಯೋಜನೆಯನ್ನು ಅವರೇ ತರಬೇಕು. ಹೈಸ್ಕೂಲಿಲ್ಲದ ಊರಿನಿಂದ ನದಿ ದಾಟಿ ಓದಲು ಹೋದ ಬಾಲಕ, ದೇಶದ ಹೈಸ್ಕೂಲುಗಳ ಬಾಗಿಲುಗಳನ್ನೆಲ್ಲ ತೆರೆಯಿಸಿದಂತಾಯಿತು.

1970ರ ಮೇ ತಿಂಗಳಲ್ಲಿ ಅಲೆಗ್ಸಾಂಡ್ರಿಯದ ಅಂಗಡಿಯೊಂದರ ಬಿಳಿಯ ಮ್ಯಾನೇಜರನೊಬ್ಬನ ಗುಂಡಿಗೆ ಹತ್ತೊಂಬತ್ತರ ಕರಿಯ ತರುಣನೊಬ್ಬ ಬಲಿಯಾದ. ಹಲವು ರಾತ್ರಿಗಳು ಊರು ಹೊತ್ತಿ ಉರಿಯಿತು. ಇಂಥ ಹೊಗೆಯಾಡುವ ಊರಿನಲ್ಲಿ 1971ರಲ್ಲಿ ಶಾಲಾಮಂಡಲಿ ಧೈರ್ಯದ ನಿರ್ಧಾರ ಕೈಗೊಂಡಿತು. ಹೈಸ್ಕೂಲಿನ ಕೊನೆಯ ಎರಡು ತರಗತಿಗಳ, ಅಂದರೆ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳ ವಿದ್ಯಾರ್ಥಿಗಳೆಲ್ಲ ಇನ್ನು ಮುಂದೆ ವಿಲಿಯಮ್ಸ್ ಶಾಲೆಗೇ ಬರಬೇಕು. ಒಂಬತ್ತು, ಹತ್ತನೆಯ ತರಗತಿಗಳವರು ಉಳಿದೆರಡು ಶಾಲೆಗಳಿಗೆ. ಬಡಾವಣೆ ಯಾವುದಾದರೂ ಇರಲಿ, ಬಣ್ಣ ಯಾವುದಾದರೂ ಇರಲಿ, ಊರಿನ ಎಲ್ಲ ಮಕ್ಕಳೂ ಹೈಸ್ಕೂಲು ಮುಗಿಸುವುದು ಒಂದೇ ಸೂರಿನಡಿಯಲ್ಲಿ.

ಕಾಗದದ ಮೇಲೆ ಇದು ಸುಲಭ. ಆದರೆ ಮೂರು ಶಾಲೆಗಳಿಗೆ ಮೂರು ಫುಟ್‌ಬಾಲ್ ತಂಡಗಳಿದ್ದವು. ಮೂವರು ನಾಯಕರು, ಮೂವರು ಮುಖ್ಯ ತರಬೇತುದಾರರು, ಮೂರು ಬಣ್ಣದ ಅಂಗಿಗಳು. ನಿನ್ನೆಯವರೆಗೆ ಹೊಡೆದಾಡಿದವರು ಇಂದು ಒಂದೇ ತಂಡದಲ್ಲಿ ಹನ್ನೊಂದು ಜಾಗಕ್ಕಾಗಿ ಹೆಣಗಬೇಕು. ಮೈಬಣ್ಣದ ವೈಷಮ್ಯ ಒಂದೆಡೆಯಾದರೆ, ಶಾಲೆಶಾಲೆಗಳ ಹಳೆಯ ಹಗೆ ಇನ್ನೊಂದೆಡೆ. ಎರಡನೆಯದೂ ಮೊದಲನೆಯದರಷ್ಟೇ ಬಲವಾಗಿತ್ತೆಂದು ಅಂದಿನ ಆಟಗಾರರು ಮುಂದೆ ಹೇಳಿಕೊಂಡದ್ದುಂಟು.

ಮುಖ್ಯ ತರಬೇತುದಾರರು ಯಾರಾಗಬೇಕು? ಹ್ಯಾಮಂಡ್ ಶಾಲೆಯ ಬಿಲ್ ಯೋಸ್ಟ್ ಅನುಭವಿ, ಬಿಳಿಯರು, ಊರಿಗೆ ಪ್ರಿಯರು. ಅವರೇ ಆಗುವರೆಂದು ಬಹುಮಂದಿಯ ನಿರೀಕ್ಷೆ. ಆದರೆ ಮಂಡಲಿ ಆರಿಸಿದ್ದು ಹರ್ಮನ್ ಬೂನ್ ಎಂಬ ಕರಿಯ ತರಬೇತುದಾರರನ್ನು. ಬೂನ್ ಉತ್ತರ ಕೆರೊಲಿನದವರು. ಅಲ್ಲಿಯ ವಿಲಿಯಮ್ಸ್‌ಟನ್ ಎಂಬ ಸಣ್ಣ ಊರಿನ ಕರಿಯ ಮಕ್ಕಳ ಶಾಲೆಯಲ್ಲಿ ಅವರ ತಂಡ 99 ಪಂದ್ಯಗಳನ್ನು ಗೆದ್ದು ಎಂಟರಲ್ಲಿ ಮಾತ್ರ ಸೋತಿತ್ತು. ಆದರೆ ಅಲ್ಲಿ ಶಾಲೆಗಳು ಬೆರೆತಾಗ, ಕರಿಯರೊಬ್ಬರು ಮುಖ್ಯ ತರಬೇತುದಾರರಾಗುವುದಕ್ಕೆ ಊರು ಇನ್ನೂ ಸಿದ್ಧವಾಗಿಲ್ಲವೆಂಬ ಉತ್ತರ ಅವರಿಗೆ ದೊರೆಯಿತು. ದಕ್ಷಿಣದ ರಾಜ್ಯಗಳಲ್ಲೆಲ್ಲ ಶಾಲೆಗಳು ಒಂದಾದಾಗ ಎಷ್ಟೋ ಮಂದಿ ಕರಿಯ ಮುಖ್ಯೋಪಾಧ್ಯಾಯರೂ ಶಿಕ್ಷಕರೂ ಹೀಗೆಯೇ ಸ್ಥಾನ ಕಳೆದುಕೊಂಡರು. ಕೂಡಿಕೆಯ ಬೆಲೆಯನ್ನು ತೆತ್ತವರು ಹೆಚ್ಚಾಗಿ ಅವರೇ. ಕೂಡಿಕೆಯಿಂದ ಒಂದು ಊರಿನಲ್ಲಿ ಪದವಿ ಕಳೆದುಕೊಂಡ ಬೂನ್, ಕೂಡಿಕೆಯ ಕಾರಣದಿಂದಲೇ ಇನ್ನೊಂದು ಊರಿನಲ್ಲಿ ಪದವಿ ಪಡೆದರು.

ಯೋಸ್ಟರಿಗೆ ನೋವಾಗಿದ್ದರೆ ಆಶ್ಚರ್ಯವಿಲ್ಲ. ಆದರೂ ಅವರು ಊರು ಬಿಡಲಿಲ್ಲ. ಬೂನರ ಕೈಕೆಳಗೆ ರಕ್ಷಣಾಪಡೆಯ ತರಬೇತಿಯನ್ನು ವಹಿಸಿಕೊಂಡರು. ಈ ಕಥೆಯಲ್ಲಿ ಬೂನರ ಗುಡುಗನ್ನು ಎಲ್ಲರೂ ಕೇಳುತ್ತಾರೆ. ಎರಡನೆಯ ಸ್ಥಾನವನ್ನು ಒಪ್ಪಿ ದುಡಿದ ಯೋಸ್ಟರ ಮೌನಕ್ಕೂ ಅಷ್ಟೇ ಬೆಲೆಯುಂಟು.

ಹತ್ತು ಗಜದ ಆಟ

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟ ನಮ್ಮ ಹುಡುಗರು ಆಡುವ ಕಾಲ್ಚೆಂಡಿನ ಆಟವಲ್ಲ. ಅಲ್ಲಿ ಚೆಂಡು ತೆಂಗಿನಕಾಯಿಯಂತೆ ನೀಳ. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡಬಹುದು, ಮುಂದಿನವನಿಗೆ ಎಸೆಯಬಹುದು. ಎರಡು ಕಡೆಯೂ ಹನ್ನೊಂದು ಹನ್ನೊಂದು ಮಂದಿ. ಚೆಂಡು ಹಿಡಿದ ತಂಡ ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜವಾದರೂ ಮುನ್ನುಗ್ಗಬೇಕು. ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲು. ನೂರು ಗಜದ ಮೈದಾನವನ್ನು ಹೀಗೆ ಹತ್ತು ಹತ್ತು ಗಜವಾಗಿ ಗೆದ್ದು ಕೊನೆಯ ಗೆರೆ ದಾಟಿದರೆ ಆರು ಅಂಕ. ಒಬ್ಬ ಓಡಬೇಕಾದರೆ ಹತ್ತು ಮಂದಿ ಮೈಯೊಡ್ಡಿ ದಾರಿ ಮಾಡಿಕೊಡಬೇಕು. ಮೈಯೊಡ್ಡುವವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುವುದಿಲ್ಲ. ಪಕ್ಕದವನನ್ನು ನಂಬದವರಿಂದ ಈ ಆಟ ಸಾಗುವಂತಿಲ್ಲ.

1971ರ ಆಗಸ್ಟಿನಲ್ಲಿ ಬೂನರು ಹುಡುಗರನ್ನು ಊರಿನ ಗಲಭೆಯಿಂದ ದೂರಕ್ಕೆ, ಪೆನ್ಸಿಲ್ವೇನಿಯದ ಗೆಟ್ಟಿಸ್‌ಬರ್ಗ್ ಕಾಲೇಜಿಗೆ ಕರೆದೊಯ್ದರು. 1863ರ ಜುಲೈ ಮೊದಲ ಮೂರು ದಿನಗಳಲ್ಲಿ ಅಮೆರಿಕದ ಅಂತರ್ಯುದ್ಧದ ಘೋರ ಕಾಳಗ ನಡೆದ ಸ್ಥಳವದು. ಅಲ್ಲಿ ಎಲ್ಲರೂ ಒಂದೆಡೆ ಮಲಗಬೇಕು, ಒಂದೆಡೆ ಉಣ್ಣಬೇಕು, ಬಿಸಿಲಿನಲ್ಲಿ ದಿನಕ್ಕೆ ಹಲವು ಬಾರಿ ಅಭ್ಯಾಸ ಮಾಡಬೇಕು. ಯಾರು ಯಾರಿಗೂ ಭಾಷಣದಿಂದ ಪ್ರಿಯರಾಗಲಿಲ್ಲ. ಒಟ್ಟಿಗೆ ದಣಿದರು, ಒಟ್ಟಿಗೆ ಬೈಗುಳ ತಿಂದರು, ಒಟ್ಟಿಗೆ ಹಸಿದರು. ಪರಿಚಯ ಹುಟ್ಟಿದ್ದು ಹಾಗೆ.

ಊರಿಗೆ ಮರಳಿ ಆಡತೊಡಗಿದ ತಂಡ ಸೋಲನ್ನೇ ಕಾಣಲಿಲ್ಲ. ಬಹುಪಾಲು ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ನಿಜಕ್ಕೂ ಬೆವರಿಳಿಸಿದ್ದು ಜಾರ್ಜ್ ಮಾರ್ಷಲ್ ಹೈಸ್ಕೂಲಿನ ಪಂದ್ಯವೊಂದೇ. ಅದನ್ನು ಟೈಟನ್ನರು 21–16ರಿಂದ ಗೆದ್ದರು. ಡಿಸೆಂಬರ್ 4ರಂದು ರೊನೋಕ್ ನಗರದ ವಿಕ್ಟರಿ ಸ್ಟೇಡಿಯಮ್ಮಿನಲ್ಲಿ ರಾಜ್ಯದ ಅಂತಿಮ ಪಂದ್ಯ. ಸೇಲಂ ಊರಿನ ಆ್ಯಂಡ್ರೂ ಲೂಯಿಸ್ ಹೈಸ್ಕೂಲು ಎದುರಾಳಿ. ಟೈಟನ್ನರು 27–0ಯಿಂದ ಗೆದ್ದರು. ಹದಿಮೂರು ಪಂದ್ಯ, ಹದಿಮೂರು ಗೆಲುವು.

ಒಂದು ಮಾತನ್ನು ಮರೆಯಬಾರದು. ಮೂರು ಶಾಲೆಗಳ ದೊಡ್ಡ ಹುಡುಗರೆಲ್ಲ ಒಂದೆಡೆ ಸೇರಿದ ಮೇಲೆ ತಂಡ ಬಲಿಷ್ಠವಾಗುವುದು ಸಹಜವೇ. ಇತರ ಶಾಲೆಗಳಿಗೆ ಅಷ್ಟು ಮಂದಿ ಪ್ರೌಢ ಆಟಗಾರರಿರಲಿಲ್ಲ. ಆದರೆ ಬಲವಿದ್ದ ಮಾತ್ರಕ್ಕೆ ಗೆಲುವು ಬಾರದು. ಒಳಜಗಳದಿಂದ ಒಡೆಯಬಹುದಾಗಿದ್ದ ಬಲವದು. ಒಡೆಯದೆ ಉಳಿದದ್ದೇ ಅವರ ಸಾಹಸ.

ನಾಯಕ ಬರ್ಟಿಯರ್

ತಂಡದ ನಾಯಕ ಗೆರಿ ಬರ್ಟಿಯರ್ ಹ್ಯಾಮಂಡ್ ಶಾಲೆಯಿಂದ ಬಂದ ಬಿಳಿಯ ಹುಡುಗ; ರಕ್ಷಣಾಪಡೆಯ ಜೀವಾಳ. ಅವನೊಡನೆ ಹೆಗಲೆಣೆಯಾಗಿ ಆಡಿದವನು ಜೂಲಿಯಸ್ ಕ್ಯಾಂಪ್‌ಬೆಲ್ ಎಂಬ ಕರಿಯ ಹುಡುಗ. ಇಬ್ಬರೂ ಬೇರೆ ಬೇರೆ ಶಾಲೆಗಳಿಂದ, ಬೇರೆ ಬೇರೆ ಲೋಕಗಳಿಂದ ಬಂದವರು. ಆದರೆ ಆ ಋತುವಿನಲ್ಲಿ ಆಪ್ತಮಿತ್ರರಾದರು.

ಅಂತಿಮ ಪಂದ್ಯ ಗೆದ್ದ ಏಳನೆಯ ದಿನ, ಡಿಸೆಂಬರ್ 11ರ ರಾತ್ರಿ, ತಂಡದ ಸನ್ಮಾನದ ಔತಣ ಮುಗಿದ ಮೇಲೆ ಬರ್ಟಿಯರನ ಕಾರು ಅಪಘಾತಕ್ಕೀಡಾಯಿತು. ಸೊಂಟದಿಂದ ಕೆಳಗೆ ಚಲನೆ ಹೋಯಿತು. ರಾಜ್ಯವೆಲ್ಲ ಕೊಂಡಾಡುತ್ತಿದ್ದ ಆಟಗಾರನಿಗೆ ಇನ್ನು ಗಾಲಿಕುರ್ಚಿಯೇ ಗತಿ. ಆದರೂ ಆತ ಆಟವನ್ನು ಬಿಡಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತೇ ಗುಂಡೆಸೆತ, ಚಕ್ರಎಸೆತಗಳನ್ನು ಅಭ್ಯಾಸ ಮಾಡಿ ಅಂಗವಿಕಲರ ಕ್ರೀಡೆಗಳಲ್ಲಿ ಚಿನ್ನದ ಪದಕಗಳನ್ನು ಗೆದ್ದ. ಅಂಗವಿಕಲರ ಹಕ್ಕುಗಳಿಗಾಗಿಯೂ ದುಡಿದ. 1981ರ ಮಾರ್ಚ್ 20ರಂದು, ಕುಡಿದು ವಾಹನ ನಡೆಸುತ್ತಿದ್ದ ಚಾಲಕನೊಬ್ಬ ಆತನ ಕಾರಿಗೆ ಡಿಕ್ಕಿ ಹೊಡೆದು, ಇಪ್ಪತ್ತೇಳನೆಯ ವಯಸ್ಸಿಗೇ ಆತ ತೀರಿಕೊಂಡ. ಶಾಲೆ ತನ್ನ ವ್ಯಾಯಾಮಮಂದಿರಕ್ಕೆ ಆತನ ಹೆಸರನ್ನಿಟ್ಟಿತು.

ಬೆಳ್ಳಿತೆರೆಯ ಮೇಲೆ

2000ದಲ್ಲಿ ಡಿಸ್ನಿ ಸಂಸ್ಥೆ ಈ ಕಥೆಯನ್ನು ‘ರಿಮೆಂಬರ್ ದ ಟೈಟನ್ಸ್’ ಎಂಬ ಚಲನಚಿತ್ರವಾಗಿ ತಂದಿತು. ಡೆನ್ಜೆಲ್ ವಾಷಿಂಗ್ಟನ್ ಬೂನರ ಪಾತ್ರ ವಹಿಸಿದರು. ಅಲೆಗ್ಸಾಂಡ್ರಿಯದ ಕಥೆಯಾದರೂ ಚಿತ್ರೀಕರಣ ನಡೆದುದು ಜಾರ್ಜಿಯ ರಾಜ್ಯದಲ್ಲಿ. ಚಿತ್ರ ಲೋಕವನ್ನೆಲ್ಲ ಸುತ್ತಿತು. ಶಾಲೆಯ ಹೆಸರು ಮನೆಮಾತಾಯಿತು.

ಸಿನಿಮಾ ಸಿನಿಮಾವೇ. ತೆರೆಯ ಮೇಲೆ ಶಾಲೆಯಲ್ಲಿ ಬಣ್ಣಗಳು ಬೆರೆತದ್ದು 1971ರಲ್ಲಿಯೇ ಮೊದಲು. ನಿಜವಾಗಿ ಅಲ್ಲಿ 1965ರಿಂದಲೇ ಬೆರೆತಿದ್ದವು. ತೆರೆಯ ಮೇಲೆ ಮಾರ್ಷಲ್ ಶಾಲೆಯೊಡನೆ ಆಡಿದ್ದು ಅಂತಿಮ ಪಂದ್ಯ. ನಿಜವಾಗಿ ಅದು ಋತುವಿನ ನಡುವಿನದು. ತೆರೆಯ ಮೇಲೆ ಬರ್ಟಿಯರನ ಅಪಘಾತ ಅಂತಿಮ ಪಂದ್ಯಕ್ಕೆ ಮೊದಲು, ನಿಜವಾಗಿ ಆಮೇಲೆ. ಯೋಸ್ಟರಿಗೆ ತೆರೆಯ ಮೇಲೆ ಒಬ್ಬಳೇ ಮಗಳು, ಮನೆಯಲ್ಲಿ ನಾಲ್ವರು. ತೆರೆಯ ಮೇಲೆ ಬೂನರ ಮನೆಯ ಕಿಟಕಿಯನ್ನೊಡೆದು ಒಳಗೆ ಬಿದ್ದದ್ದು ಇಟ್ಟಿಗೆ. ನಿಜಕ್ಕೂ ಎಸೆದದ್ದು ಹಳೆಯ ಪಾಯಿಖಾನೆಯ ತೊಟ್ಟಿಯನ್ನೆಂದು ಬೂನರೇ ಹೇಳಿಕೊಂಡಿದ್ದರು. ಸತ್ಯ ಕೆಲವು ವೇಳೆ ಸಿನಿಮಾಕ್ಕಿಂತ ಹೊಲಸಾಗಿರುತ್ತದೆ.

ಇವೆಲ್ಲ ಸಣ್ಣ ತಪ್ಪುಗಳು. ದೊಡ್ಡದು ಬೇರೆ. ಚಿತ್ರ ನೋಡಿ ಹೊರಬಂದವರಿಗೆ, ಹದಿಮೂರು ಪಂದ್ಯಗಳಲ್ಲಿ ಊರಿನ ಮನಸ್ಸೆಲ್ಲ ತಿಳಿಯಾಯಿತೆಂದು ಅನ್ನಿಸುವುದು. ಊರಿನ ನಿಜವಾದ ಲೆಕ್ಕ ಅಷ್ಟು ಬೇಗ ಚುಕ್ತಾ ಆಗಲಿಲ್ಲ. ಬೂನರನ್ನೇ 1979ರಲ್ಲಿ, ಹುಡುಗರೊಡನೆ ಅತಿ ಕಟುವಾಗಿ ನಡೆದುಕೊಳ್ಳುವರೆಂಬ ದೂರುಗಳ ನಡುವೆ, ತರಬೇತುದಾರರ ಸ್ಥಾನದಿಂದ ಬಿಡಿಸಲಾಯಿತು. ಆದರೂ ಬೂನ್ ಮತ್ತು ಯೋಸ್ಟ್ ಕೊನೆಯವರೆಗೂ ಗೆಳೆಯರಾಗಿ ಉಳಿದರು. ಇಬ್ಬರೂ ಒಂದೇ ವರ್ಷ, 2019ರಲ್ಲಿ, ತೀರಿಕೊಂಡರು. ಕ್ಯಾಂಪ್‌ಬೆಲ್ ಕೂಡ ಅದೇ ವರ್ಷದ ಜನವರಿಯಲ್ಲಿ ನಿಧನರಾದರು.

ಮುಂದಿನ ಓಟಗಾರರು

ಶಾಲೆಯ ಆಟೋಟಗಳು ಫುಟ್‌ಬಾಲಿಗೇ ಮುಗಿಯುವುದಿಲ್ಲ. ಮುಂಜಾವದ ಮಂಜಿನಲ್ಲಿ ಪೊಟೋಮ್ಯಾಕ್ ನದಿಯ ಮೇಲೆ ಹುಟ್ಟುಹಾಕುವ ಎಂಟೆಂಟು ಮಂದಿಯ ನೀಳದೋಣಿಗಳು ಈ ಊರಿನ ಹೆಮ್ಮೆ. 1972ರಲ್ಲಿ ಬಂದ ಕೇಂದ್ರದ ಕಾನೂನೊಂದು, ಸರ್ಕಾರದ ನೆರವು ಪಡೆಯುವ ಶಾಲೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂದು ವಿಧಿಸಿದ ಮೇಲೆ, ದೇಶದ ಹೈಸ್ಕೂಲುಗಳಲ್ಲೆಲ್ಲ ಹುಡುಗಿಯರೂ ಮೈದಾನಕ್ಕಿಳಿದರು. ಇಲ್ಲಿ ಇಂದು ಹುಡುಗಿಯರ ದೋಣಿಗಳೂ ಹುಡುಗರ ದೋಣಿಗಳಷ್ಟೇ ಬಿರುಸಾಗಿ ಸಾಗುತ್ತವೆ.

ಶಾಲೆಯ ಈಚಿನ ಕೀರ್ತಿವಂತ ನೋವಾ ಲೈಲ್ಸ್. ತಂದೆತಾಯಿ ಇಬ್ಬರೂ ಕಾಲೇಜಿನಲ್ಲಿ ಓಟಗಾರರಾಗಿದ್ದವರು. ಮಗನಿಗೆ ಬಾಲ್ಯದಲ್ಲಿ ಕಾಡಿದ್ದು ಉಬ್ಬಸ. 2014ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಕಿರಿಯರ ಒಲಿಂಪಿಕ್ಸಿನ 200 ಮೀಟರ್ ಓಟದಲ್ಲಿ ಚಿನ್ನ ಗೆದ್ದ. 2016ರಲ್ಲಿ ಶಾಲೆ ಬಿಟ್ಟ ಬೇಸಗೆಯಲ್ಲೇ ಅಮೆರಿಕದ ಒಲಿಂಪಿಕ್ ಆಯ್ಕೆಯ ಓಟದಲ್ಲಿ ಅದೇ ದೂರವನ್ನು 20.09 ಸೆಕೆಂಡುಗಳಲ್ಲಿ ಓಡಿ ನಾಲ್ಕನೆಯವನಾದ. ಒಂದೇ ಸ್ಥಾನದಿಂದ ಒಲಿಂಪಿಕ್ಸ್ ತಪ್ಪಿದರೂ, ಹೈಸ್ಕೂಲು ಹುಡುಗರ ರಾಷ್ಟ್ರೀಯ ದಾಖಲೆ ಅವನದಾಯಿತು. 2024ರ ಆಗಸ್ಟ್ 4ರಂದು ಪ್ಯಾರಿಸ್ಸಿನಲ್ಲಿ 100 ಮೀಟರ್ ಓಟವನ್ನು 9.79 ಸೆಕೆಂಡುಗಳಲ್ಲಿ ಓಡಿ ಒಲಿಂಪಿಕ್ ಚಿನ್ನ ಪಡೆದ. ಎರಡನೆಯವನಿಗೂ ಅವನಿಗೂ ಇದ್ದ ಅಂತರ ಸೆಕೆಂಡಿನ ಸಾವಿರದ ಐದು ಪಾಲು ಮಾತ್ರ. ಕಣ್ಣು ಮಿಟುಕಿಸಲೂ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊತ್ತು ಬೇಕು!

ಜಗತ್ತಿನ ಅತಿವೇಗದ ಓಟಗಾರನಾದ ಈ ಕರಿಯ ತರುಣ ಓದಿ ಹೊರಬಂದಾಗ ಶಾಲೆಯ ಬಾಗಿಲಿನ ಮೇಲೆ ಇನ್ನೂ ಆ ಸೂಪರಿಂಟೆಂಡೆಂಟರ ಹೆಸರೇ ಇತ್ತು.

ಹೆಸರಿನ ಪ್ರಶ್ನೆ

ಹೆಸರು ಬದಲಾಗಬೇಕೆಂಬ ಕೂಗು ಹಿಂದೆಯೂ ಎದ್ದಿತ್ತು, ಎದ್ದು ಅಡಗಿತ್ತು. ಬೇಡವೆನ್ನುವವರ ವಾದವೂ ಸುಮ್ಮನೆ ತಳ್ಳಿಹಾಕುವಂಥದಲ್ಲ. ‘ಈ ಹೆಸರು ಕೇಳಿದರೆ ಲೋಕಕ್ಕೆ ನೆನಪಾಗುವುದು ಆ ಅಧಿಕಾರಿಯಲ್ಲ, 1971ರ ಹುಡುಗರು. ಹೆಸರಿನ ಅರ್ಥವನ್ನು ಅವರೇ ಬದಲಿಸಿಬಿಟ್ಟಿದ್ದಾರೆ. ನಮ್ಮ ಯೌವನದ ನೆನಪುಗಳೆಲ್ಲ ಅದರಲ್ಲಿವೆ’ ಎಂದರು ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು. ಬದಲಿಸಬೇಕೆನ್ನುವವರ ಉತ್ತರ ಸರಳ: ‘ನಿಮ್ಮ ನೆನಪು ನಿಮ್ಮಲ್ಲಿ ಉಳಿಯುತ್ತದೆ. ಆದರೆ ಶಾಲೆಯ ಹೆಸರು ಗೌರವದ ಗುರುತು. ನನ್ನ ಮಗು ಇಲ್ಲಿ ಕೂರಬಾರದೆಂದವರನ್ನು ನನ್ನ ಮಗುವೇ ದಿನವೂ ಗೌರವಿಸಬೇಕೇ?’

2020ರ ಬೇಸಗೆಯಲ್ಲಿ ಮಿನಿಯಾಪೊಲಿಸ್ಸಿನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯರು ಪೊಲೀಸನೊಬ್ಬನ ಮೊಣಕಾಲಿನಡಿ ಸತ್ತ ಮೇಲೆ ದೇಶವೆಲ್ಲ ಎದ್ದಿತು. ಅಲೆಗ್ಸಾಂಡ್ರಿಯದಲ್ಲಿ ಊರವರೂ ವಿದ್ಯಾರ್ಥಿಗಳೂ ಮನವಿ ಸಲ್ಲಿಸಿದರು. ಆ ವರ್ಷ ನವೆಂಬರ್ 23ರಂದು ಶಾಲಾಮಂಡಲಿ ಸರ್ವಾನುಮತದಿಂದ ಹಳೆಯ ಹೆಸರನ್ನು ತೆಗೆಯಲು ತೀರ್ಮಾನಿಸಿತು. 2021ರ ಜುಲೈ 1ರಿಂದ ಅಲೆಗ್ಸಾಂಡ್ರಿಯ ಸಿಟಿ ಹೈಸ್ಕೂಲು ಎಂಬ ಹೆಸರು ಜಾರಿಗೆ ಬಂತು. ಯಾವ ವ್ಯಕ್ತಿಯದೂ ಅಲ್ಲದ, ಇಡೀ ಊರಿನ ಹೆಸರು. ಟೈಟನ್ನರೆಂಬ ಬಿರುದನ್ನು ಮುಟ್ಟಲಿಲ್ಲ. ಅದನ್ನು ಆಟಗಾರರು ಸಂಪಾದಿಸಿದ್ದರು.

ಆಟದ ಮೈದಾನದಲ್ಲಿ ಒಂದಾಗಲು ಆ ಹುಡುಗರಿಗೆ ಒಂದು ಬೇಸಗೆ ಸಾಕಾಯಿತು. ಬಾಗಿಲಿನ ಮೇಲಿನ ಹೆಸರನ್ನು ಇಳಿಸಲು ಊರಿಗೆ ಐವತ್ತು ವರ್ಷ ಹಿಡಿಯಿತು. ಆಟ ಮನಸ್ಸುಗಳನ್ನು ಬೆಸೆಯುವುದೆಂದು ನಾವೆಲ್ಲ ಹೇಳುತ್ತೇವೆ, ಬೆಸೆಯುವುದು ನಿಜ. ಆದರೆ ಆಟವಾಡಲು ಮೊದಲು ಒಂದೇ ಮೈದಾನ ಬೇಕು. ಮೈದಾನವನ್ನು ಒಂದುಮಾಡಿದವರು ಆಟಗಾರರಲ್ಲ: ಗ್ರಂಥಾಲಯದಲ್ಲಿ ಮೌನವಾಗಿ ಕುಳಿತು ಓದಿದ ಐವರು, ಕೆಲಸ ಹೋದರೂ ದಾವೆ ಹೂಡಿದ ಅಡಿಗೆಯಾಕೆ, ಸೋತರೂ ಗೆದ್ದರೂ ನ್ಯಾಯಾಲಯದ ಮೆಟ್ಟಿಲು ಬಿಡದ ವಕೀಲರು. ಆ ವಕೀಲರ ಹೆಸರಿನ ಸ್ಯಾಮ್ಯುಯೆಲ್ ಟಕರ್ ಪ್ರಾಥಮಿಕ ಶಾಲೆ 2000ದಿಂದ ಅಲೆಗ್ಸಾಂಡ್ರಿಯದಲ್ಲಿ ನಡೆಯುತ್ತಿದೆ.

ಇಂದು ಹೈಸ್ಕೂಲಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳು ಓದುತ್ತಾರೆ. ನೂರಕ್ಕೂ ಹೆಚ್ಚು ದೇಶಗಳ ಕುಟುಂಬಗಳಿಂದ ಬಂದವರು ಅವರು. ಹಳೆಯ ಕಟ್ಟಡ ಹೋಗಿ 2007ರಲ್ಲಿ ಹೊಸದು ಬಂದಿದೆ. ಅಲ್ಲಿಯ ವ್ಯಾಯಾಮಮಂದಿರಕ್ಕೆ ಬಿಳಿಯ ಹುಡುಗ ಗೆರಿ ಬರ್ಟಿಯರನ ಹೆಸರು. ಅದರ ಬಾಸ್ಕೆಟ್‌ಬಾಲ್ ಅಂಗಳಕ್ಕೆ, ಪಾರ್ಕರ್–ಗ್ರೇ ಶಾಲೆಯಲ್ಲಿ ಓದಿದ ಕರಿಯ ಆಟಗಾರ ಅರ್ಲ್ ಲಾಯ್ಡರ ಹೆಸರು. ಸಂಜೆ ಗಂಟೆ ಹೊಡೆದ ಮೇಲೆ ಆ ಒಂದೇ ಅಂಗಳದಲ್ಲಿ ಎಲ್ಲ ಬಣ್ಣದ ಮಕ್ಕಳೂ ಚೆಂಡಿಗಾಗಿ ಮುಗಿಬೀಳುತ್ತಾರೆ. ಮೂವತ್ತು ವರ್ಷ ಆಳಿದವರ ಹೆಸರು ಬಾಗಿಲಿನಿಂದ ಇಳಿಯಿತು. ಆಡಿದವರ ಹೆಸರು ಒಳಗೆ ಉಳಿಯಿತು.